ಹನ್ನೊಂದು ಅಡಿ ಕಮ್ಮಿ

ಆಸ್ಪತ್ರೆಯ ಹೊಸ ಕಟ್ಟಡಕ್ಕೆ ಇಪ್ಪತ್ತು ಮಹಡಿ. ಅಷ್ಟಕ್ಕೂ ಫೈಬರ್ ಎಳೆದು ಸ್ವಿಚ್ ಕೂರಿಸುವ ಕೆಲಸಕ್ಕೆ ಎರಡು ನಕ್ಷೆಗಳು ಒಂದೇ ಮೇಜಿನ ಮೇಲೆ ಬಿದ್ದಿದ್ದವು. ಒಂದು ಕಟ್ಟಡದ ಇಂಜಿನಿಯರದು, ಇನ್ನೊಂದು ನನ್ನದು.

ಸ್ವಿಚ್ ಎಂದರೆ ದೀಪ ಹಚ್ಚುವ ಗುಂಡಿಯಲ್ಲ. ಅಂಚೆ ವಿಂಗಡಿಸುವವರು ಇರುತ್ತಾರಲ್ಲ, ಯಾವ ಕಾಗದ ಯಾವ ಬೀದಿಗೆ ಎಂದು ನೋಡಿ ಎಸೆಯುವವರು, ಆ ಕೆಲಸ ಮಾಡುವ ಪೆಟ್ಟಿಗೆ. ಮಹಡಿಗೊಂದು ಪೆಟ್ಟಿಗೆ. ರೋಗಿ ಹಾಸಿಗೆಯ ಪಕ್ಕದ ಗಂಟೆ ಒತ್ತಿದರೆ ಆ ಸುದ್ದಿ ಮಹಡಿಯ ಪೆಟ್ಟಿಗೆಗೆ ಬಂದು, ಅಲ್ಲಿಂದ ಕೂದಲೆಳೆಯಂಥ ಗಾಜಿನ ದಾರಿಯಲ್ಲಿ ಬೆಳಕಾಗಿ ನೆಲಮಾಳಿಗೆಯ ದೊಡ್ಡ ಸ್ವಿಚ್ಚಿಗೆ ಇಳಿದು, ಮತ್ತೆ ನರ್ಸ್ ಕೂತಿರುವ ಮೇಜಿಗೆ ಹತ್ತುತ್ತದೆ. ಇಂಜಿನಿಯರ್ ನಕ್ಷೆಯಲ್ಲಿ ಇದು ಸರಪಳಿ: ನೆಲಮಾಳಿಗೆಯಿಂದ ಒಂದನೆಯ ಮಹಡಿಗೆ, ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ. ನನ್ನ ನಕ್ಷೆಯಲ್ಲಿ ಪ್ರತಿ ಮಹಡಿಗೂ ಸ್ವಂತದ್ದೇ ಎರಡು ಕೇಬಲ್, ಒಂದು ಪೂರ್ವದ ಡಕ್ಟಿನಲ್ಲಿ, ಎಂದರೆ ಕೇಬಲ್ ಇಳಿಸಲೆಂದು ಗೋಡೆಯೊಳಗೆ ಬಿಟ್ಟ ಉದ್ದನೆಯ ಸಂದಿನಲ್ಲಿ, ಇನ್ನೊಂದು ಪಶ್ಚಿಮದ ಡಕ್ಟಿನಲ್ಲಿ. ಯಾರ ಹಂಗೂ ಇಲ್ಲದೆ ನೆಟ್ಟಗೆ ಕೆಳಗೆ. ಕೆಳಗೆ ದೊಡ್ಡ ಸ್ವಿಚ್ಚೂ ಎರಡು.

“ಇದೇನಮ್ಮಾ, ಮಹಡಿಗೆ ಎರಡೆರಡು? ಮದುವೆ ಮನೇಲಿ ಎರಡೆರಡು ಸಲ ಬಡಿಸಿದ ಹಾಗಾಯ್ತು,” ಎಂದರು ಇಂಜಿನಿಯರ್. ಕೆಟ್ಟ ಮನುಷ್ಯರಲ್ಲ. ಸರಪಳಿ ಬೇಗ ಮುಗಿಯುತ್ತದೆ, ಅವರಿಗೆ ಬೇಗ ಮುಗಿಯಬೇಕು, ಅಷ್ಟೇ.

ಸರಪಳಿಯ ಸಂಗತಿ ನನಗೆ ಗೊತ್ತಿತ್ತು. ಇದೇ ಆಸ್ಪತ್ರೆಯ ಹಳೆಯ ಕಟ್ಟಡದಲ್ಲಿ ಬೇರೆಯವರ ನಕ್ಷೆ ಹಿಡಿದು ಸರಪಳಿ ಎಳೆದವಳು ನಾನೇ. ನಾಲ್ಕು ವರ್ಷದ ಹಿಂದೆ ನಮ್ಮತ್ತೆಯವರನ್ನು ಸೊಂಟದ ಮೂಳೆಗೆಂದು ಅಲ್ಲಿನ ಆರನೆಯ ಮಹಡಿಯಲ್ಲಿ ಮಲಗಿಸಿದ್ದೆವು. ಒಂದು ಬೆಳಿಗ್ಗೆ ಎರಡನೆಯ ಮಹಡಿಯ ಪೆಟ್ಟಿಗೆ ಕೆಟ್ಟಿತು. ಅದರ ಮೇಲಿನವೆಲ್ಲ ಮೂಕವಾದವು. ಅತ್ತೆ ಗಂಟೆ ಒತ್ತಿದರು, ಒತ್ತಿದರು, ಯಾರೂ ಬರಲಿಲ್ಲ. ಕೊನೆಗೆ ತಾವೇ ಇಳಿಯಹೋಗಿ ಬಿದ್ದರು. “ಸೊಂಟ ಅಂತ ಬಂದೆ, ಮಣಿಕಟ್ಟನ್ನೂ ಸೇರಿಸಿ ಕಟ್ಟಿದಿರಿ,” ಎಂದು ಡಾಕ್ಟರಿಗೆ ಹೇಳಿ ನಗಿಸಿದರು. ಡಾಕ್ಟರ್ ಆಚೆ ಹೋದ ಮೇಲೆ ನನ್ನ ಕಡೆ ತಿರುಗಿ, “ಆ ತಂತಿ ಎಳೆದವಳು ನೀನೇ ಅಲ್ವೇನೇ?” ಎಂದರು. ಬೈದಿದ್ದರೆ ಸಹಿಸಬಹುದಿತ್ತು. ಬರೀ ಕೇಳಿದರು.

ಎರಡು ನಕ್ಷೆಗಳ ನಡುವೆ ತೀರ್ಮಾನ ಮಾಡಿದವರು ಮೇಟ್ರನ್. ವಾರ್ಡುಗಳೆಲ್ಲ ಅವರ ಕೈಕೆಳಗೆ. ಮಾತನ್ನು ಔಷಧಿಯ ಹಾಗೆ ಹನಿ ಎಣಿಸಿ ಬಿಡುವವರು.

“ಮಹಡಿಯ ಪೆಟ್ಟಿಗೆ ಕೆಟ್ಟರೆ ಆ ಮಹಡಿಗೆ ನಾನು ಜನ ನಿಲ್ಲಿಸ್ತೀನಿ, ಅದನ್ನ ಬಿಡಿ. ಉಳಿದದ್ದರಲ್ಲಿ ವಾರ್ಡುಗಳು ಹೊಸ ಕಟ್ಟಡಕ್ಕೆ ಹೋಗೋ ಹಿಂದಿನ ದಿನ ಬಂದು, ನನಗಿಷ್ಟ ಬಂದ ಒಂದು ಕೇಬಲ್ ಕೀಳ್ತೀನಿ. ಒಂದು ಮಹಡಿ ಸುಮ್ಮನಾದರೂ ನಿಮ್ಮ ನಕ್ಷೆ ಮಡಚಿಡಿ. ಇವರ ಸರಪಳಿನೇ ಕಟ್ಟಿಸ್ತೀನಿ.”

“ಆಗಲಿ ಮೇಡಂ,” ಎಂದೆ.

ಇಂಜಿನಿಯರ್ ತಮ್ಮದೂ ಒಂದು ಕರಾರು ಸೇರಿಸಿದರು: ಮಹಡಿಯ ಪೆಟ್ಟಿಗೆಯಿಂದ ಕೆಳಗಿನ ಸ್ವಿಚ್ಚಿನವರೆಗೆ ಎಲ್ಲೂ ಕೇಬಲಿಗೆ ಜೋಡಣೆ ಇರಕೂಡದು. ಕೇಬಲ್ ಕಾರ್ಖಾನೆಯಲ್ಲೇ ಉದ್ದಕ್ಕೆ ತಕ್ಕಂತೆ ಕತ್ತರಿಸಿ, ಎರಡು ತುದಿಯೂ ಸಿದ್ಧವಾಗಿ ಬರಬೇಕು. ಅದಕ್ಕೂ ಒಪ್ಪಿದೆ. ಒಪ್ಪುವಾಗ ಬಾಯಿಗೆ ಏನು ಹೋಗುತ್ತದೆ.

ನಮ್ಮದು ಮನೆಮಂದಿಯ ತಂಡ. ಮೇಲೆ ಹತ್ತಿ ಕೇಬಲ್ ಇಳಿಸುವವರು ನಮ್ಮ ಯಜಮಾನರು ಮತ್ತು ನನ್ನ ಮೈದುನ. ಅಣ್ಣತಮ್ಮಂದಿರ ಇಡೀ ದಿನದ ಮಾತು ಕೂಡಿಸಿದರೂ ಒಂದು ಚೀಟಿ ತುಂಬುವುದಿಲ್ಲ. ಅವರ ಪಾಲಿನ ಮಾತನ್ನೂ ಆಡುವವಳು ನನ್ನ ಓರಗಿತ್ತಿ, ಮೈದುನನ ಹೆಂಡತಿ. ಉದ್ದ ಕಾಲು, ಉದ್ದ ಕತ್ತು, ಇನ್ನೂ ಉದ್ದ ಕೈ. ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ಅವಳಿಗೆ ಕೊಕ್ಕರೆ ಎಂದು ಹೆಸರಿಟ್ಟರು. ಅವಳು ಅತ್ತೆಗೆ ಇಟ್ಟ ಹೆಸರನ್ನು ಇಲ್ಲಿ ಬರೆಯಲಾಗದು.

ಪೂರ್ವದ ಡಕ್ಟ್ ನೂಲು ಹಿಡಿದಂತೆ ನೆಟ್ಟಗಿತ್ತು, ಅದರ ಅಳತೆ ಕಟ್ಟಡದ ನಕ್ಷೆಯಿಂದಲೇ ಸಿಕ್ಕಿತು. ಪಶ್ಚಿಮದ್ದು ಹಾಗಲ್ಲ. ಲಿಫ್ಟಿನ ಯಂತ್ರ ಬಂದಲ್ಲಿ ಪಕ್ಕಕ್ಕೆ ಸರಿಯುತ್ತದೆ, ತೊಲೆ ಬಂದಲ್ಲಿ ಬಳಸುತ್ತದೆ. ಕಾಗದವನ್ನು ನಂಬದೆ ಹಗ್ಗ ಇಳಿಬಿಟ್ಟು ಅಳೆದೆವು. ಪ್ರತಿ ಮಹಡಿಯಿಂದ ಹಗ್ಗ ಇಳಿಸುವುದು, ಕೆಳಗೆ ದೊಡ್ಡ ಸ್ವಿಚ್ಚು ಕೂರುವ ರ್ಯಾಕಿನ ಎದುರಿಗೆ ಗುರುತು ಕಟ್ಟುವುದು, ಎಳೆದುಕೊಂಡು ಮಾರು ಹಾಕಿ ಎಣಿಸುವುದು. ಎರಡು ಕೈ ಚಾಚಿದರೆ ಒಂದು ಮಾರು. ಟೇಪು ಹಿಡಿಯುವವರು ಎರಡು ಸಲ ಅಳೆಯುವಷ್ಟರಲ್ಲಿ ನಾನು ಇಡೀ ಸುರುಳಿ ಎಣಿಸಿ ಮುಗಿಸುತ್ತೇನೆ. ಮೂವತ್ತು ವರ್ಷದಲ್ಲಿ ಒಂದು ಗೇಣೂ ತಪ್ಪಿಲ್ಲ.

ಆ ವಾರ ನನ್ನ ಬಲಭುಜ ಹಿಡಿದುಕೊಂಡಿತ್ತು. ಕೊಕ್ಕರೆ ಹಗ್ಗ ಕಸಿದುಕೊಂಡಳು.

“ನೀವು ಕೂತ್ಕೊಂಡು ಬರೀರಿ ಅಕ್ಕಾ. ನಾನು ಎಣಿಸ್ತೀನಿ. ಕೈ ಇರೋದೇ ಇದಕ್ಕೆ.”

ಅವಳು ಎಣಿಸಿದಳು, ನಾನು ಬರೆದೆ. ಹತ್ತನೆಯ ಮಹಡಿಗೆ ಇಪ್ಪತ್ತೇಳು ಮಾರು. ಇಪ್ಪತ್ತನೆಯದಕ್ಕೆ ಐವತ್ತು. ಮನೆಗೆ ಬಂದು ಎಲ್ಲವನ್ನೂ ಅಡಿಗೆ ತಿರುಗಿಸಿ, ಪ್ರತಿಯೊಂದಕ್ಕೂ ಹತ್ತಡಿ ಮಿಗತೆ ಸೇರಿಸಿ, ಕಾರ್ಖಾನೆಗೆ ಕಳಿಸಿದೆ.

ಕೇಬಲ್ ಬಂತು. ಪೂರ್ವದ್ದು ಎರಡು ದಿನದಲ್ಲಿ ಮುಗಿಯಿತು, ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ. ಪಶ್ಚಿಮದ್ದೂ ಒಂಬತ್ತನೆಯ ಮಹಡಿಯವರೆಗೆ ಹಾಗೆಯೇ. ಹತ್ತನೆಯದು ರ್ಯಾಕಿಗೆ ಒಂದಡಿ ಮೇಲೆ ನಿಂತುಬಿಟ್ಟಿತು.

“ಮೇಲೆ ಎಲ್ಲೋ ಸಿಕ್ಕಿಕೊಂಡಿದೆ. ಜಗ್ಗಬೇಡಿ!” ಎಂದು ಕೊಕ್ಕರೆ ಡಕ್ಟಿನೊಳಗೆ ಕೂಗಿದಳು.

“ಇಲ್ಲ,” ಎಂದಿತು ಮೇಲಿಂದ ಮೈದುನನ ದನಿ. ಆವತ್ತಿನ ಅವನ ಮಾತು ಅಲ್ಲಿಗೆ ಮುಗಿಯಿತು.

ಹದಿನೈದನೆಯದು ಆರಡಿ ಕಮ್ಮಿ. ಇಪ್ಪತ್ತನೆಯದು ಚಾವಣಿಯ ತೂತಿನಲ್ಲೇ ಬಾವಲಿಯಂತೆ ನೇತಾಡಿತು, ಹನ್ನೊಂದು ಅಡಿ ಕಮ್ಮಿ. ಪರೀಕ್ಷೆಗೆ ಇನ್ನು ಒಂಬತ್ತು ದಿನ. ಹೊಸ ಕೇಬಲ್ ತರಿಸಲು ಮೂರು ವಾರ ಬೇಕು.

ಕೊಕ್ಕರೆ ಮೊದಲು ಕಾರ್ಖಾನೆಯವರನ್ನು ಬೈದಳು, ಆಮೇಲೆ ಗಂಡನನ್ನು, ಆಮೇಲೆ ಭಾವನನ್ನು, ಅದೂ ಬಹುವಚನದಲ್ಲಿ. ನಾನು ಒಂದು ತುಂಡು ರಟ್ಟಿನ ಮೇಲೆ ಕೊರತೆಗಳನ್ನು ಬರೆದುಕೊಂಡು ಕೂತೆ. ಒಂದು, ಎರಡು, ಮೂರು, ನಾಲ್ಕು. ಮಹಡಿ ಏರಿದಂತೆ ಕೊರತೆಯೂ ಮೆಟ್ಟಿಲು ಮೆಟ್ಟಿಲಾಗಿ ಏರಿತ್ತು. ಕಾರ್ಖಾನೆ ತಪ್ಪಿದ್ದರೆ ಅಲ್ಲೊಂದು ಇಲ್ಲೊಂದು ತಪ್ಪಬೇಕು. ಇಷ್ಟು ಶಿಸ್ತಾಗಿ ತಪ್ಪುವುದು ಅಳತೆ ಮಾತ್ರ.

“ಕೊಕ್ಕರೆ, ಆ ಗೋಡೆಗೆ ಬೆನ್ನು ಕೊಟ್ಟು ಕೈ ಚಾಚು.”

“ಯಾಕೆ, ಶಿಲುಬೆಗೆ ಹಾಕ್ತೀರಾ?”

“ಚಾಚೇ ಸುಮ್ನೆ.”

ಟೇಪು ಹಿಡಿದೆ. ಐದಡಿ ಐದಿಂಚು. ಆಮೇಲೆ ನಾನು ಗೋಡೆಗೆ ನಿಂತೆ, ಅವಳು ಹಿಡಿದಳು. ಐದಡಿ, ಕೂದಲಷ್ಟೂ ಹೆಚ್ಚಿಲ್ಲ. ಮಾರೆಂದರೆ ಐದಡಿ ಎಂದು ಮೂವತ್ತು ವರ್ಷದಿಂದ ಗುಣಿಸಿದ ತಲೆ ಈ ಸಲವೂ ಹಾಗೇ ಗುಣಿಸಿತ್ತು. ಹಾಕಿದ್ದು ಅವಳ ಮಾರು, ಗುಣಿಸಿದ್ದು ನನ್ನದು. ಐವತ್ತು ಸಲ ಐದಿಂಚು, ಹತ್ತಿರ ಹತ್ತಿರ ಇಪ್ಪತ್ತೊಂದು ಅಡಿ. ಹತ್ತಡಿ ಮಿಗತೆಯನ್ನೂ ನುಂಗಿ ಇನ್ನೂ ಹನ್ನೊಂದು ಅಡಿ ಬೇಡುತ್ತಿತ್ತು.

ಕೊಕ್ಕರೆ ತನ್ನ ಎರಡು ಕೈಗಳನ್ನೂ ತಿರುಗಿಸಿ ನೋಡಿಕೊಂಡಳು.

“ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗೆ, ನನ್ನ ಕೈ ಉದ್ದ ಇರೋದೇ ತಪ್ಪು ಅಂತ ಅತ್ತೆ ಮುಂದೆ ಹೇಳ್ಬೇಡಿ ಅಕ್ಕಾ.”

“ಕೈಯದ್ದು ತಪ್ಪಿಲ್ಲ. ತಲೇದು.”

“ಹಾಗಾದ್ರೆ ಸರಿ,” ಎಂದು ಅವಳು ಟೇಪು ಸುತ್ತಿದಳು.

ಸಂಜೆಯ ಹೊತ್ತಿಗೆ ಇಂಜಿನಿಯರ್ ಇಳಿದು ಬಂದರು. ತೂತಿನಲ್ಲಿ ನೇತಾಡುತ್ತಿದ್ದ ತುದಿಗಳನ್ನು ತಲೆಯೆತ್ತಿ ನೋಡಿ ಮೂಗಿನಲ್ಲೇ ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗುವನ್ನು ಒಳಗೆ ಹಾಕಿಕೊಂಡರು.

“ಒಂದು ಮಾತು ಹೇಳ್ಲಾ ಅಮ್ಮಾ? ಒಂಬತ್ತರವರೆಗೆ ನಿಮ್ಮ ನಕ್ಷೆ ಇರಲಿ. ಹತ್ತರಿಂದ ಮೇಲಕ್ಕೆ ಪಶ್ಚಿಮದ್ದನ್ನ ಸರಪಳಿ ಮಾಡ್ಬಿಡಿ, ಒಂಬತ್ತರಿಂದ ಹತ್ತಕ್ಕೆ, ಹತ್ತರಿಂದ ಹನ್ನೊಂದಕ್ಕೆ. ಮೇಟ್ರನ್ ಒಂದನ್ನ ತಾನೇ ಕೀಳೋದು? ಪೂರ್ವದ್ದು ಹಿಡ್ಕೊಳ್ಳುತ್ತೆ. ಪಾಸಾಗ್ತೀರಿ. ನಾನಂತೂ ಬಾಯಿ ಬಿಡಲ್ಲ.”

ಅವರು ಹೇಳಿದ್ದು ನಿಜ. ಪರೀಕ್ಷೆಗೆ ಅಷ್ಟು ಸಾಕು. ಪೂರ್ವದ ಡಕ್ಟಿಗೆ ಏನಾದರೂ ಆದ ದಿನ ಮೇಲಿನ ಹನ್ನೊಂದು ಮಹಡಿಯೂ ಒಂದನ್ನೊಂದು ಕೈ ಹಿಡಿದುಕೊಂಡು ನಿಂತಿರುತ್ತವೆ, ನಡುವಿನದೊಂದು ಕುಸಿದರೆ ಮೇಲಿನವೆಲ್ಲ ಮೂಕ. ಅದು ಪರೀಕ್ಷೆಯ ದಿನ ಆಗುವುದಿಲ್ಲ. ಯಾರೋ ಗಂಟೆ ಒತ್ತುವ ದಿನ ಆಗುತ್ತದೆ.

“ಬೇಡ,” ಎಂದೆ.

“ಮತ್ತೇನು ಮಾಡ್ತೀರಿ? ಕೇಬಲ್ ಹಿಗ್ಗಿಸ್ತೀರಾ?”

“ಹಿಗ್ಗೋದಿಲ್ಲ. ರ್ಯಾಕನ್ನ ಮೇಲೆ ಎತ್ತಬಹುದಾ ನೋಡ್ತೀನಿ.”

ಆಡುವಾಗ ಅದು ಹಟದ ಮಾತಾಗಿತ್ತು. ಆಡಿದ ಮೇಲೆ ಅದೇ ಸರಿ ಎನಿಸಿತು. ನೆಲಮಾಳಿಗೆಗೂ ನೆಲಮಟ್ಟಕ್ಕೂ ನಡುವೆ ಹದಿನಾಲ್ಕು ಅಡಿ. ಪಶ್ಚಿಮದ ದೊಡ್ಡ ಸ್ವಿಚ್ಚು ಒಂದು ಮಹಡಿ ಮೇಲೆ ಕೂತರೆ ಹನ್ನೊಂದು ಅಡಿಯ ಕೊರತೆ ತೀರಿ ಮೂರಡಿ ಉಳಿಯುತ್ತದೆ. ಮೆಟ್ಟಿಲು ಹತ್ತಿ ಡಕ್ಟನ್ನು ಹುಡುಕಿಕೊಂಡು ಹೋದೆ. ಅದರ ಪಕ್ಕಕ್ಕೆ ಅಂಟಿಕೊಂಡು ಒಂದೇ ಒಂದು ಕೋಣೆ. ಬಾಗಿಲಿಗೆ ಬೀಗ, ಬೀಗದ ಮೇಲೆ ಚೀಟಿ: ಹಾಸಿಗೆ ಬಟ್ಟೆ, ಕೀಲಿ ಮೇಟ್ರನ್ ಬಳಿ.

ಮನೆಯಲ್ಲಿ ಅತ್ತೆ ಒಗೆದ ಬಟ್ಟೆ ಮಡಚುತ್ತಿದ್ದರು. ಕೊಕ್ಕರೆ ಬಾಗಿಲು ದಾಟುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟಳು.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀನು ನೆಲಾನೇ ಮೇಲೆತ್ತೋಕೆ ಹೊರಟಿದೀಯಲ್ಲೇ,” ಎಂದರು ಅತ್ತೆ.

“ಬೇರೆ ದಾರಿ ಇಲ್ಲ ಅತ್ತೆ. ನಾಳೆ ಮೇಟ್ರನ್ ಹತ್ರ ಹೋಗಿ ತಪ್ಪು ಒಪ್ಪಿಕೊಂಡು ಕೋಣೆ ಕೇಳ್ತೀನಿ.”

“ಉಂಡು ಹೋಗು. ಖಾಲಿ ಹೊಟ್ಟೇಲಿ ತಪ್ಪು ಒಪ್ಪಿಕೊಂಡರೆ ಅಳು ಬರುತ್ತೆ. ಅತ್ತರೆ ಆ ಹೆಂಗಸು ಕೊಡಲ್ಲ. ಆ ಆಸ್ಪತ್ರೇಲಿ ಒಂದು ತಿಂಗಳು ಮಲಗಿದೀನಿ, ನನಗೆ ಗೊತ್ತು.”

ಉಂಡೇ ಹೋದೆ. ಮೇಟ್ರನ್ ಬೆಳಗಿನ ಸುತ್ತು ಮುಗಿಸಿ ಮೇಜಿಗೆ ಬಂದಿದ್ದರು. ರಟ್ಟಿನ ತುಂಡನ್ನು ಮುಂದಿಟ್ಟು, ಮಾರಿನ ಕಥೆಯನ್ನು ಮೊದಲಿಂದ ಹೇಳಿದೆ. ಅವರು ನಗಲಿಲ್ಲ.

“ಅಳತೆ ತಪ್ಪಿದ್ದು ನೀವು. ಬಟ್ಟೆ ಎಲ್ಲಿಡಲಿ ನಾನು?”

“ಇಡೀ ಕೋಣೆ ಬೇಡ ಮೇಡಂ. ಒಂದು ಗೋಡೆ ಸಾಕು. ಒಂದು ಬೀರುವಿನಷ್ಟು ಜಾಗ.”

“ಬಟ್ಟೆ ಇರೋ ಕಡೆ ನೂಲು ಹಾರುತ್ತೆ. ನಿಮ್ಮ ಯಂತ್ರದ ಮೂಗಿಗೆ ಹೋದರೆ?”

“ಸುತ್ತ ತಗಡಿನ ಬೀರು, ಗಾಳಿ ಬರೋ ಕಡೆ ಜಾಲರಿ. ತಿಂಗಳಿಗೊಂದು ಸಲ ನಾನೇ ಬಂದು ತೊಳೀತೀನಿ.”

ಅವರು ನಕ್ಷೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಬೆರಳು ಪೂರ್ವದ ಗೆರೆಗಳ ಮೇಲೆ ಇಳಿಯಿತು, ಆಮೇಲೆ ಪಶ್ಚಿಮದ ಗೆರೆಗಳ ಮೇಲೆ ಇಳಿಯಿತು. ಎರಡು ಸಲವೂ ಒಂದೇ ಚೌಕದಲ್ಲಿ ಬಂದು ನಿಂತಿತು.

“ಎರಡು ದಾರಿ ಅಂದ್ರಿ. ಎರಡೂ ಹೋಗಿ ಒಂದೇ ಕೋಣೆಗೆ ಸೇರ್ತಾ ಇದ್ವಾ?”

“ಹೌದು.”

“ಆ ಕೋಣೆಗೆ ನೀರು ನುಗ್ಗಿದರೆ?”

ಎರಡು ಡಕ್ಟಿನ ಹೆಮ್ಮೆಯಲ್ಲಿ ನಾನು ಮೇಲೆಯೇ ನೋಡುತ್ತಿದ್ದೆ. ಇಪ್ಪತ್ತು ಮಹಡಿಯ ನಲವತ್ತು ಕೇಬಲನ್ನು ಬೇರೆ ಬೇರೆ ದಾರಿಯಲ್ಲಿ ನಡೆಸಿಕೊಂಡು ಬಂದು, ಕೊನೆಗೆ ಒಂದೇ ಬಾಗಿಲೊಳಗೆ ಕೂಡಿ ಹಾಕಿದ್ದೆ. ಸಂಜೆ ಶಾಲೆಯಲ್ಲಿ ನಕ್ಷೆ ಕಲಿಸಿದ ಮೇಷ್ಟ್ರು ಎದುರಿಗಿದ್ದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು, ಇಷ್ಟು ವಯಸ್ಸಿಗೂ.

“ನುಗ್ಗಿದರೆ ಎರಡೂ ಹೋಗುತ್ತೆ ಮೇಡಂ. ಅದನ್ನ ನಾನು ನೋಡಿರಲಿಲ್ಲ. ಕೇಬಲ್ ಕಮ್ಮಿ ಬೀಳದಿದ್ದರೆ ನೋಡ್ತಾನೂ ಇರಲಿಲ್ಲ. ಈಗ ಪಶ್ಚಿಮದ್ದು ನಿಮ್ಮ ಬಟ್ಟೆ ಕೋಣೆಗೆ ಬಂದರೆ ಎರಡೂ ಬೇರೆ ಬೇರೆ ಆಗುತ್ತೆ.”

“ಹಾಗಾದ್ರೆ ಒಂದು ಕೇಬಲ್ ಕೀಳೋದು ಪರೀಕ್ಷೆ ಅಲ್ಲ,” ಎಂದರು ಮೇಟ್ರನ್. “ನೆಲಮಾಳಿಗೆಯ ಕೋಣೆಗೆ ಹೋಗೋ ಕರೆಂಟನ್ನೇ ಆರಿಸ್ತೀನಿ. ಇಡೀ ಕೋಣೆ. ಆಗಬಹುದಾ?”

ಆಗ ತಾನೇ ಒಳಗೆ ಬಂದಿದ್ದ ಇಂಜಿನಿಯರ್ ಬಾಗಿಲಲ್ಲೇ ತಡೆದರು. “ಮೊದಲು ಆದ ಮಾತು ಹಾಗಿರಲಿಲ್ಲ ಮೇಡಂ. ಪಾಪ, ಒಂದು ಅಂತ ಇತ್ತು.”

ಪಾಪ ಎಂದದ್ದು ನನಗೆ. ಒಳ್ಳೆಯ ಮನಸ್ಸಿನಿಂದಲೇ ಎಂದಿರಬೇಕು.

“ಆರಿಸಿ ಮೇಡಂ,” ಎಂದೆ. “ಅದೇ ಸರಿಯಾದ ಪರೀಕ್ಷೆ.”

ಮೇಟ್ರನ್ ಸೊಂಟದ ಗೊಂಚಲಿನಿಂದ ಒಂದು ಕೀಲಿ ಬಿಡಿಸಿ ಮೇಜಿನ ಮೇಲಿಟ್ಟರು. “ಎಡಗಡೆ ಗೋಡೆ. ಹೊದಿಕೆಗೆ ಒಂದು ಕಲೆ ಬಿದ್ದರೂ ಕೀಲಿ ವಾಪಸ್.”

ಎಂಟು ದಿನ ಬಿಡುವಿಲ್ಲದೆ ಕೆಲಸ ಮಾಡಿದೆವು. ಮೊದಲ ದಿನ ಹೊದಿಕೆಗಳನ್ನು ಬಲಗಡೆಗೆ ಸಾಗಿಸುವುದರಲ್ಲೇ ಹೋಯಿತು. ಒಂದೊಂದು ಕಟ್ಟನ್ನೂ ನಮ್ಮ ಯಜಮಾನರು ಕೂಸಿನ ಹಾಗೆ ಎತ್ತಿದರು. ಡಕ್ಟಿನ ಗೋಡೆ ಕೊರೆಯುವಾಗ ಕೊಕ್ಕರೆ ಒದ್ದೆ ಬಟ್ಟೆ ಹಿಡಿದು ತೂತಿನ ಕೆಳಗೇ ಕೂತಳು, ಧೂಳಿನ ಒಂದು ಕಣವನ್ನೂ ಬಿಡದೆ. ನೆಲಮಾಳಿಗೆಗೆ ಇಳಿದಿದ್ದ ಕೇಬಲುಗಳನ್ನೆಲ್ಲ ಹಾವಾಡಿಗರಂತೆ ಮೇಲಕ್ಕೆ ಎಳೆದುಕೊಂಡೆವು. ತಗಡಿನ ಬೀರು ಬಂತು, ದೊಡ್ಡ ಸ್ವಿಚ್ಚು ಕೂತಿತು, ಕರೆಂಟು ಹೋದರೂ ನಡೆಯುವಂತೆ ಬ್ಯಾಟರಿ ಕೂತಿತು. ಈ ಸ್ವಿಚ್ಚಿನಿಂದ ನರ್ಸುಗಳ ಮೇಜಿಗೆ ಬೇರೆಯದೇ ಒಂದು ಕೇಬಲ್ ಹಾಕಿದೆ, ನೆಲಮಾಳಿಗೆಯನ್ನು ಮುಟ್ಟದ ಹಾಗೆ. ಆ ಕೇಬಲನ್ನು ಟೇಪಿನಿಂದ ಅಳೆದೆ, ಕೊಕ್ಕರೆ ಇನ್ನೊಮ್ಮೆ ಅಳೆದಳು. ಇಪ್ಪತ್ತನೆಯ ಮಹಡಿಯ ತುದಿ ಮೂರಡಿ ಉಳಿದು ಬಂದಾಗ ಅವಳು ಅದನ್ನು ಸುರುಳಿ ಮಾಡಿ ಕಟ್ಟುತ್ತಾ, “ನಿಮ್ಮ ಅರ್ಧ ಮಾರು ಮೇಲೆ ಒಂದು ಗೇಣು ಮಿಕ್ಕಿತು ನೋಡಿ,” ಎಂದಳು. ನಾನು ಒಂದೊಂದು ಎಳೆಗೂ ಬೆಳಕು ಬಿಟ್ಟು ಆ ಕಡೆ ಎಷ್ಟು ಮುಟ್ಟುತ್ತದೆ ಎಂದು ನೋಡಿ ಬರೆದುಕೊಳ್ಳುತ್ತಿದ್ದೆ. ಪಶ್ಚಿಮದ ಇಪ್ಪತ್ತನ್ನೂ ಮೂರು ಮೂರು ಸಲ ನೋಡಿದೆ.

ಪರೀಕ್ಷೆಯ ದಿನ ಮಧ್ಯಾಹ್ನ ಪ್ರತಿ ಮಹಡಿಯಲ್ಲೂ ಒಬ್ಬೊಬ್ಬ ನರ್ಸ್ ಗಂಟೆಯ ಗುಂಡಿ ಹಿಡಿದು ನಿಂತರು. ಮೇಟ್ರನ್ ಹೇಳಿದ್ದು ಇಷ್ಟೇ: ನಾನು ನಿಲ್ಲಿಸು ಅನ್ನೋವರೆಗೂ ಒತ್ತುತ್ತಾ ಇರಿ. ನೆಲಮಟ್ಟದ ಮೇಜಿನ ಮೇಲಿದ್ದ ಫಲಕದಲ್ಲಿ ಇಪ್ಪತ್ತು ದೀಪಗಳು ಉರಿಯುತ್ತಿದ್ದವು. ಮೇಜಿನ ಹತ್ತಿರ ನಾನು, ಕೊಕ್ಕರೆ, ಮೇಟ್ರನ್. ಕೆಳಗೆ ಕರೆಂಟಿನ ಪೆಟ್ಟಿಗೆಯ ಎದುರು ಇಂಜಿನಿಯರ್, ಕೈಯಲ್ಲಿ ಫೋನು.

“ದಾರಿ ಬದಲಿಸೋಕೆ ಸ್ವಲ್ಪ ಹೊತ್ತು ಬೇಕು ಮೇಡಂ,” ಎಂದೆ.

“ಎಷ್ಟು?”

“ಅರ್ಧ ನಿಮಿಷಕ್ಕಿಂತ ಕಮ್ಮಿ.”

ಅವರು ಗಡಿಯಾರ ನೋಡಲಿಲ್ಲ. ಎಡಗೈಯ ನಾಡಿಯ ಮೇಲೆ ಬಲಗೈಯ ಮೂರು ಬೆರಳಿಟ್ಟುಕೊಂಡು, “ಆರಿಸಿ,” ಎಂದರು.

ಕೆಳಗಿನ ಕೋಣೆಯ ಫ್ಯಾನುಗಳು ಅಷ್ಟು ಹೊತ್ತು ಗುಂಯ್ ಎನ್ನುತ್ತಿದ್ದವು ಎಂಬುದು ಅವು ನಿಂತಾಗ ತಿಳಿಯಿತು. ಫಲಕದ ಇಪ್ಪತ್ತು ದೀಪವೂ ಒಟ್ಟಿಗೆ ಆರಿದವು.

ಮೇಟ್ರನ್ ತುಟಿ ಅಲುಗಿಸದೆ ಎಣಿಸುತ್ತಿದ್ದರು. ಕೊಕ್ಕರೆ ನನ್ನ ಸೆರಗಿನ ತುದಿ ಹಿಡಿದುಕೊಂಡಳು. ಬಟ್ಟೆ ಕೋಣೆಗೆ ಓಡಿಹೋಗಿ ನೋಡಬೇಕೆನಿಸಿತು. ಹೋಗಲಿಲ್ಲ. ಹೋಗಿ ಮಾಡುವಂಥದ್ದು ಏನೂ ಉಳಿಸಿರಲಿಲ್ಲ.

ಮೊದಲು ಏಳನೆಯದು ಹತ್ತಿತು. ಆಮೇಲೆ ಮೂರು, ನಾಲ್ಕು, ಹನ್ನೆರಡು, ಸಾಲು ತಪ್ಪಿದ ಮಕ್ಕಳ ಹಾಗೆ. ಹದಿನೆಂಟು. ಹತ್ತೊಂಬತ್ತು. ಹದಿನಾರನೆಯದು ಮಾತ್ರ ಕಪ್ಪಾಗಿಯೇ ಇತ್ತು. ಮೇಟ್ರನ್ ನನ್ನ ಕಡೆ ನೋಡಿದರು. ನಾನು ದೀಪವನ್ನು ನೋಡುತ್ತಲೇ ಇದ್ದೆ. ಹದಿನಾರರ ಎಳೆ ಮೂರು ಸಲ ನೋಡಿದ ಎಳೆ.

ಹತ್ತಿತು.

“ಇಪ್ಪತ್ತೆರಡು ಬಡಿತ,” ಎಂದರು ಮೇಟ್ರನ್, ನಾಡಿಯಿಂದ ಬೆರಳು ತೆಗೆದು. “ನನ್ನದು ಸ್ವಲ್ಪ ಜೋರಾಗಿ ಓಡ್ತಿತ್ತು. ನಿಲ್ಲಿಸೋಕೆ ಹೇಳಿ ಮೇಲಿನವರಿಗೆ. ಸರಪಳಿ ನಕ್ಷೆ ಮಡಚಿಡಿ.”

ಕೊಕ್ಕರೆ ಸೆರಗು ಬಿಟ್ಟಳು. ಹಿಡಿದ ಜಾಗ ಮುದ್ದೆಯಾಗಿತ್ತು.

ಇಂಜಿನಿಯರ್ ಮೆಟ್ಟಿಲು ಹತ್ತಿ ಬಂದರು. ಸೋತವರ ಮುಖವೇನೂ ಅಲ್ಲ. ಕೆಲಸ ಮುಗಿಯಿತಲ್ಲ, ಅವರಿಗೆ ಅದೇ ಬೇಕಾಗಿತ್ತು. ಕಟ್ಟಡದ ಕಡತಕ್ಕೆ ಸೇರಿಸಲು ಕೊನೆಯ ನಕ್ಷೆ ಕೇಳಿದರು. ಬಟ್ಟೆ ಕೋಣೆಯ ಚೌಕವನ್ನು ಬರೆದು ಮುಗಿಸಿ, ಅದರ ಪಕ್ಕದಲ್ಲಿ ಕಾರಣ ಬರೆಯಲು ಪೆನ್ನು ಹಿಡಿದೆ.

“ನೀರಿನ ಅಪಾಯ ತಪ್ಪಿಸಲು ಎರಡು ಸ್ವಿಚ್ಚನ್ನೂ ಬೇರೆ ಬೇರೆ ಕೋಣೆಯಲ್ಲಿ ಇಡಲಾಗಿದೆ, ಅಂತ ಹಾಕಿ. ಗಂಭೀರವಾಗಿರುತ್ತೆ,” ಎಂದರು.

ಅದನ್ನು ಬರೆದೆ. ಅದರ ಕೆಳಗೆ ಇನ್ನೊಂದು ಸಾಲು ಬರೆದೆ: ಪಶ್ಚಿಮದ ಕೇಬಲುಗಳ ಅಳತೆ ತಪ್ಪಿ ಕಮ್ಮಿ ಬಂದಿವೆ. ಇಪ್ಪತ್ತನೆಯ ಮಹಡಿಯದಕ್ಕೆ ಉಳಿದಿರುವುದು ಮೂರೇ ಅಡಿ. ಈ ಸ್ವಿಚ್ಚನ್ನು ಕೆಳಕ್ಕೆ ಇಳಿಸಲು ನೋಡಬೇಡಿ.

“ಅಯ್ಯೋ, ಇದನ್ನೆಲ್ಲಾ ಯಾರಾದ್ರೂ ನಕ್ಷೇಲಿ ಬರೀತಾರಾ ಅಮ್ಮಾ? ಗೆದ್ದಿದೀರಿ. ಈಗ ಯಾರಿಗೆ ಗೊತ್ತಾಗಬೇಕು?”

“ಹತ್ತು ವರ್ಷ ಬಿಟ್ಟು ಬರೋನಿಗೆ. ಬಟ್ಟೆ ಕೋಣೇಲಿ ಯಾಕೆ ಈ ಪೆಟ್ಟಿಗೆ ಅಂತ ಅವನು ಕಿತ್ತು ಕೆಳಗಿಡೋಕೆ ಹೋದರೆ ಮೇಲಿನ ಹನ್ನೊಂದು ಮಹಡಿ ನೇತಾಡುತ್ತೆ.”

ಕೊಕ್ಕರೆ ನನ್ನ ಭುಜದ ಮೇಲಿಂದ ಕತ್ತು ಚಾಚಿ ಓದಿದಳು. “ಅಳತೆ ಯಾರದು ಅಂತ ಬರೀಲಿಲ್ವಲ್ಲ ಅಕ್ಕಾ.”

“ನಕ್ಷೆ ನನ್ನದು. ಅಳತೇನೂ ನನ್ನದೇ.”

“ಹೂಂ. ಎಣಿಸಿ ಕೈನೋವು ಬಂದಿದ್ದು ನನಗೆ, ಹೆಸರು ಮಾತ್ರ ನಿಮಗೆ,” ಎಂದು ಅವಳು ಡ್ರಿಲ್ಲಿನ ವೈರು ಸುತ್ತಲು ಹೋದಳು.

ಮರುದಿನ ಬೆಳಿಗ್ಗೆ ಎಂಟಕ್ಕೆ ಹಳೆಯ ಕಟ್ಟಡದ ಕಡೆಯಿಂದ ಮೊದಲ ಹಾಸಿಗೆ ಉರುಳಿಕೊಂಡು ಬಂತು. ಅದರ ಮೇಲೊಬ್ಬ ಮುದುಕರು, ಎದೆಯ ಮೇಲೆ ಕನ್ನಡಕದ ಡಬ್ಬಿ ಹಿಡಿದುಕೊಂಡು, ಹೊಸ ಚಾವಣಿಯನ್ನು ನೋಡುತ್ತಿದ್ದರು. ಹಾಸಿಗೆ ತಳ್ಳುತ್ತಿದ್ದವನು ದಾರಿ ಬಿಡಿ ಎಂದು ಕೂಗಿದ. ಲಿಫ್ಟಿನ ಎದುರು ನಮ್ಮ ಸಾಮಾನು ಇನ್ನೂ ಹರಡಿತ್ತು. ನಾಲ್ವರೂ ಬಾಚಿಕೊಂಡು ಗೋಡೆಗೆ ಸರಿದೆವು. ಹಾಸಿಗೆ ಒಳಗೆ ಹೋಯಿತು, ಬಾಗಿಲು ಮುಚ್ಚಿತು, ಅಂಕಿಗಳು ಒಂದೊಂದಾಗಿ ಮೇಲಕ್ಕೆ ಏರತೊಡಗಿದವು.